ಕಾಕಾ ತೋರಿಸಿದ ಊರು

ಕಾಕಾ ತೀರಿಕೊಂಡರೆಂದು ಫೋನು ಬಂದ ಸಂಜೆ ನಾನು ಕಂಪ್ಯೂಟರಿನ ಮುಂದೆ ಕೂತು ಅವರ ಫೋಟೋ ಹುಡುಕತೊಡಗಿದೆ. ಅವರ ವ್ಯಾನಿನಲ್ಲಿ ಅರ್ಧ ವಾಷಿಂಗ್ಟನ್ ರಾಜ್ಯ ಸುತ್ತಿದವನು ನಾನು. ಜಲಪಾತಗಳ ಮುಂದೆ, ಅಣೆಕಟ್ಟುಗಳ ಮೇಲೆ, ಟ್ಯೂಲಿಪ್ ಹೊಲಗಳ ನಡುವೆ ನಾವೆಲ್ಲ ಹಲ್ಲು ಕಿರಿದು ನಿಂತ ಚಿತ್ರಗಳು ಬೇಕಾದಷ್ಟಿವೆ. ಒಂದರಲ್ಲೂ ಕಾಕಾ ಇಲ್ಲ. ಕ್ಯಾಮೆರಾ ಯಾವಾಗಲೂ ಅವರ ಕೈಯಲ್ಲೇ ಇರುತ್ತಿತ್ತು. ಬೇರೆಯವರಿಗೆ ಕೊಟ್ಟರೆ ಊರಿನ ಬೋರ್ಡು ಚಿತ್ರದಲ್ಲಿ ಬರುವುದಿಲ್ಲ ಎಂಬ ಭಯ ಅವರಿಗೆ. ಕೊನೆಗೆ ಸಿಕ್ಕಿದ್ದು ಇದು: ಗುಡ್ಡದಾಚೆಯ ಹಳೆಯ ಗಣಿ ಊರಿನ ಮುಖ್ಯಬೀದಿಯಲ್ಲಿ ನಾನು, ನನ್ನ ಹೆಂಡತಿ, ಅಮ್ಮ, ಕಾಕಾ ಅವರ ಹೆಂಡತಿ ಕಾಕು ಸಾಲಾಗಿ ನಿಂತಿದ್ದೇವೆ. ಅಮ್ಮ ಸೀರೆಯ ಮೇಲೆ ಯಾವುದೋ ಗಂಡಸಿನ ಚೌಕಳಿಯ ದೊಡ್ಡ ಅಂಗಿ ಹಾಕಿಕೊಂಡಿದ್ದಾಳೆ. ಚಿತ್ರದ ಬಲಮೂಲೆಯಲ್ಲಿ ಕಂದು ಬಣ್ಣದ ಮಸುಕು. ಅದು ಕಾಕಾ ಅವರ ಹೆಬ್ಬೆರಳು.

ಈ ಹೆಬ್ಬೆರಳಿನಿಂದ ಶುರು ಮಾಡಿ ಇಡೀ ಮನುಷ್ಯನನ್ನು ನೆನಪು ಮಾಡಿಕೊಳ್ಳಬೇಕಾಗಿದೆ. ನನ್ನ ನೆನಪಿನ ಮೇಲೆ ನನಗೆ ಅಷ್ಟೇನೂ ನಂಬಿಕೆಯಿಲ್ಲ. ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಕಳೆದ ವರ್ಷಗಳು ನನಗೆ ಕೊಟ್ಟಿದ್ದು ಒಂದು ಪದವಿ ಮತ್ತು ಎಲ್ಲದಕ್ಕೂ ಪುರಾವೆ ಕೇಳುವ ಚಟ. ಪದವಿ ಹೊಟ್ಟೆಗೆ ಹಾಕುತ್ತಿದೆ. ಚಟ ಮನೆಯವರನ್ನು ಸುಸ್ತು ಮಾಡಿದೆ.

ಅವರನ್ನು ಮೊದಲು ಕಂಡದ್ದು ನಾವಿರುವ ಬೆಲ್‌ವ್ಯೂ ಊರಿನ ಕ್ರಾಸ್‌ರೋಡ್ಸ್‌ನ ಇಂಡಿಯನ್ ಅಂಗಡಿಯಲ್ಲಿ. ನಾನು ಬಿಲ್ಲಿಂಗ್ ಸಾಲಿನಲ್ಲಿ ನಿಂತು ಹೆಂಡತಿಗೆ ಫೋನಿನಲ್ಲಿ ಯಾವ ಬೇಳೆ ಎಂದು ಕೇಳುತ್ತಿದ್ದೆ. ಹಿಂದಿನಿಂದ ಭುಜದ ಮೇಲೆ ಕೈ ಬಿತ್ತು.

"ಯಾವ ಊರು ತಮ್ಮಾ?"

"ಮೈಸೂರು."

ಅವರು ನನ್ನನ್ನು ಒಂದು ಕ್ಷಣ ಕನಿಕರದಿಂದ ನೋಡಿದರು. "ಆಗ್ಲಿ ಬಿಡು, ಅದಕ್ಕೇನ್ ಮಾಡಾಕ್ ಬರ್ತೈತಿ," ಅಂದರು. ಆಮೇಲೆ, "ಶನಿವಾರ ಏನರ ಕೆಲಸ ಐತೇನು?"

ಹೀಗೆ ನಾನು ಅವರ ವ್ಯಾನು ಹತ್ತಿದೆ. ಅವರು ಗದಗದ ಕಡೆಯವರು, ನಮಗೆಲ್ಲ ಕಾಕಾ. ಟಕ್ವಿಲಾದ ಒಂದು ಕಚೇರಿಯಲ್ಲಿ ಗೋದಾಮುಗಳಿಗೆ ಕನ್ವೇಯರ್ ಬೆಲ್ಟುಗಳನ್ನು ವಿನ್ಯಾಸ ಮಾಡುವ ಎಂಜಿನಿಯರು. ವಾರವಿಡೀ ಪೆಟ್ಟಿಗೆಗಳು ಎಲ್ಲೂ ನಿಲ್ಲದೆ ಮುಂದೆ ಹೋಗುವ ಹಾಗೆ ನೋಡಿಕೊಳ್ಳುವುದು ಅವರ ಕೆಲಸ. ಶನಿವಾರ ಅದೇ ಕೆಲಸವನ್ನು ಮನುಷ್ಯರ ಮೇಲೆ ಮಾಡುತ್ತಿದ್ದರು. ಯಾರದಾದರೂ ತಂದೆ ತಾಯಿ ಊರಿನಿಂದ ಬಂದಿದ್ದಾರೆಂದು ಗೊತ್ತಾದರೆ ಸಾಕು, ಫೋನು ಬರುತ್ತಿತ್ತು. ಅಂಗೈ ಮೇಲೆ ಬಾಲ್‌ಪೆನ್ನಿನಲ್ಲಿ ಆ ದಿನದ ಜಾಗಗಳನ್ನು ಬರೆದುಕೊಂಡಿರುತ್ತಿದ್ದರು, ಒಂದು ಮುಗಿದರೆ ಉಗುಳು ಹಚ್ಚಿ ಅಳಿಸಿ "ಮುಂದಿಂದು!" ಅನ್ನುವರು. ಬೆಂಚು ಕಂಡರೆ ಅವರಿಗಾಗುತ್ತಿರಲಿಲ್ಲ. "ಮಂದಿ ಊರು ನೋಡಾಕಂತ ಬರ್ತಾರ, ಕಾಫಿ ಕುಡದು ಹೋಗ್ತಾರ. ಕುಂತವರಿಗೆ ಊರು ಕಾಣಂಗಿಲ್ಲ."

ಊರಿನ ಚರಿತ್ರೆ ಕೆತ್ತಿದ ಫಲಕ ಎಲ್ಲಿ ಕಂಡರೂ ಅದರ ಮುಂದೆ ನಿಂತು ಪೂರ್ತಿ ಗಟ್ಟಿಯಾಗಿ ಓದುವುದು, ಓದಿದ ಮೇಲೆ ಹಿರಿಯರಿಗಾಗಿ ಕನ್ನಡದಲ್ಲಿ ಹೇಳುವುದು ಅವರ ಕ್ರಮ. ಮೂರು ಸಾಲಿನ ಫಲಕ ಕನ್ನಡಕ್ಕೆ ಬರುವಾಗ ಹತ್ತು ನಿಮಿಷವಾಗುತ್ತಿತ್ತು. ಅದರೊಳಗೆ ದರೋಡೆಕೋರರು, ಸವತಿ ಜಗಳ, ಒಂದೆರಡು ಕುದುರೆ ಎಲ್ಲ ಸೇರಿಕೊಳ್ಳುತ್ತಿದ್ದವು. ನಾನು ಗ್ರಂಥಾಲಯಕ್ಕೆ ಹೋಗಿ ಪರೀಕ್ಷಿಸಿದ್ದೂ ಉಂಟು. ಅವರು ಹೇಳಿದ್ದರಲ್ಲಿ ಸಾಮಾನ್ಯವಾದ ಸಂಗತಿಗಳೆಲ್ಲ ಸುಳ್ಳಾಗಿರುತ್ತಿದ್ದವು, ನಂಬಲಾಗದವು ಮಾತ್ರ ನಿಜವಾಗಿರುತ್ತಿದ್ದವು. ಇದನ್ನು ಅವರಿಗೆ ಹೇಳಿದಾಗ ಬಹಳ ಸಂತೋಷಪಟ್ಟರು. "ಅಂದ್ರ ನೀ ಗ್ರಂಥಾಲಯಕ್ಕರ ಹೋದಿ," ಅಂದರು.

ಅವರಿಗೆ ಒಂದೇ ಒಂದು ಹೆಮ್ಮೆಯಿತ್ತು. ಅದನ್ನು ಎಲ್ಲರೆದುರಿಗೂ ಹೇಳಿಕೊಳ್ಳುತ್ತಿದ್ದರು. "ನನ್ನ ವ್ಯಾನ್ ಹತ್ತಿದವ್ರು ಯಾರೂ ಹಸಗೊಂಡು ಇಳದಿಲ್ಲ." ಬುತ್ತಿ ಕಾಕು ಕಟ್ಟುತ್ತಿದ್ದರು, ಆದರೆ ರೊಟ್ಟಿ ಬಡಿಯುವುದು ಕಾಕಾನೇ. ಜೋಳದ ಹಿಟ್ಟು ಊರಿನಿಂದ ಯಾರದೋ ಸೂಟ್‌ಕೇಸಿನಲ್ಲಿ ಬರುತ್ತಿತ್ತು. ಅವರು ಬಡಿಯುವ ಸದ್ದಿಗೆ ಕೆಳಗಿನ ಅಪಾರ್ಟ್‌ಮೆಂಟಿನವರು ಮೊದಮೊದಲು ದೂರು ಕೊಟ್ಟಿದ್ದರಂತೆ, ಆಮೇಲೆ ರುಚಿ ನೋಡಿ ಸುಮ್ಮನಾದರಂತೆ. ಇದಕ್ಕೂ ಪುರಾವೆಯಿಲ್ಲ.

ಅಮ್ಮ ಬಂದ ವರ್ಷ ನನಗೆ ಆಫೀಸಿನಲ್ಲಿ ಬಿಡುವೇ ಇರಲಿಲ್ಲ. ಅವಳು ಹೊರಡಲು ಒಂದು ವಾರವಿದೆ ಎನ್ನುವಾಗ ಒಂದು ಸಂಜೆ ಬಟ್ಟೆ ಮಡಿಸುತ್ತಾ, "ಅಮೆರಿಕಾದಲ್ಲಿ ಏನೇನು ನೋಡ್ದೆ ಅಂತ ಅಲ್ಲಿ ಕೇಳ್ತಾರೆ. ಎರಡು ಮಾಲು, ಒಂದು ಬಾಲ್ಕನಿ ಅಂತ ಹೇಳ್ತೀನಿ," ಅಂದಳು. ಈ ಮಾತು ನನ್ನ ಹೆಂಡತಿಯ ಮೂಲಕ ಕಾಕುಗೆ, ಕಾಕು ಮೂಲಕ ಕಾಕಾಗೆ ತಲುಪಿತು. ಅರ್ಧ ಗಂಟೆಯೊಳಗೆ ಫೋನು.

"ಶನಿವಾರ ಬೆಳಗ್ಗೆ ಆರಕ್ಕ ಬರ್ತೀನಿ. ಅಕ್ಕಾರಿಗೆ ಘಟ್ಟದ ಪಾಸ್ ದಾಟಿಸಿ ಹಳೇ ಊರು ತೋರಸೋಣು. ಅವರಿಗೆ ಸಕ್ಕರಿ ಐತೇನು?"

"ಇದೆ ಕಾಕಾ. ಊಟಕ್ಕೆ ಅರ್ಧ ಗಂಟೆ ಮುಂಚೆ ಗುಳಿಗೆ ತಗೋಬೇಕು. ಆಮೇಲೆ ತಡವಾಗೋ ಹಾಗಿಲ್ಲ."

"ತಡ ಅನ್ನೂದು ನನ್ನ ವ್ಯಾನಿನ್ಯಾಗ ಇಲ್ಲ. ಉಳ್ಳಾಗಡ್ಡಿ?"

"ತಿನ್ನಲ್ಲ."

"ಆಗ್ಲಿ. ಉಳ್ಳಾಗಡ್ಡಿ ಇಲ್ಲದ ಎಣಗಾಯಿ ಮಾಡೂದು ಹ್ಯಾಂಗ ಅಂತ ನಿಮ್ಮ ಕಾಕೂನ್ನ ಕೇಳ್ತೀನಿ," ಎಂದು ನಿಟ್ಟುಸಿರು ಬಿಟ್ಟರು. ಬದನೆಕಾಯಿಗೆ ಈರುಳ್ಳಿಯಿಲ್ಲದೆ ಮಸಾಲೆ ತುಂಬುವುದು ಅವರ ಮಟ್ಟಿಗೆ ಸಣ್ಣ ತ್ಯಾಗವೇನೂ ಆಗಿರಲಿಲ್ಲ.

ಶನಿವಾರ ಪಾಸ್ ದಾಟುತ್ತಲೇ ಮೋಡ ಹಿಂದೆ ಉಳಿಯಿತು. ಪೈನ್ ಮರಗಳು, ಒಣ ಹುಲ್ಲು, ಬಿಸಿಲು. ಊರು ಅಂದರೆ ಮೂರು ಬೀದಿ. ಒಂದು ಕಾಲದಲ್ಲಿ ಕಲ್ಲಿದ್ದಲಿಗಾಗಿ ದೇಶದೇಶಗಳಿಂದ ಜನ ಬಂದು ತುಂಬಿಕೊಂಡಿದ್ದ ಜಾಗ. ಈಗ ಮರದ ಮುಂಭಾಗದ ಹಳೆಯ ಅಂಗಡಿಗಳು, ಬಾಯಿ ಮುಚ್ಚಿದ ಗಣಿ, ಮತ್ತು ಕಾಕಾ ಅವರ ಮಟ್ಟಿಗೆ ಸ್ವರ್ಗ: ಹೆಜ್ಜೆಗೊಂದು ಫಲಕ. ಒಂದು ಹಳೆಯ ಬಾರಿನೊಳಗೆ ಅಮ್ಮನನ್ನು ಕರೆದುಕೊಂಡೇ ಹೋದರು. ಕುಡಿಯುವವರ ಕಾಲ ಬಳಿ ಉದ್ದಕ್ಕೂ ಒಂದು ಸಣ್ಣ ಕಾಲುವೆ, ಅದರಲ್ಲಿ ನೀರು ಹರಿಯುತ್ತಿತ್ತು.

"ಉಗುಳಾಕ್ರೀ ಅಕ್ಕಾರ! ತಂಬಾಕ ಹಾಕೊಂಡು ಇಲ್ಲೇ ನಿಂತು ಇಲ್ಲೇ ಉಗುಳೂದು. ನೀರು ತಗೊಂಡು ಹೋಗಿಬಿಡ್ತೈತಿ."

ಎಲೆ ಅಡಿಕೆ ಹಾಕುವ ಅಮ್ಮ ಆ ಕಾಲುವೆಯನ್ನು ಈ ತುದಿಯಿಂದ ಆ ತುದಿಗೆ ನೋಡಿದಳು. "ಇಂಥ ಬುದ್ಧಿವಂತರು ಕಟ್ಟಿದ ಊರನ್ನ ಬಿಟ್ಟು ನೀವೆಲ್ಲ ಹೋಗಿ ಹೋಗಿ ಆ ಬೆಲ್‌ವ್ಯೂನಲ್ಲಿ ಇದೀರಲ್ಲಪ್ಪ," ಅಂದಳು. ಕಾಕಾ ಅಂದು ನಕ್ಕ ನಗೆಗೆ ಬಾರಿನ ಹುಡುಗಿ ಬಂದು ಎಲ್ಲ ಸರಿಯಿದೆಯಾ ಎಂದು ಕೇಳಿದಳು.

ಅಮ್ಮನ ಮಂಡಿ ನೋಯುತ್ತಿತ್ತು, ಆದರೂ ಅವಳು ನಿಲ್ಲಲಿಲ್ಲ. ಗಣಿಯ ಬಾಯಿ, ಹಳೆಯ ಕಂಪನಿ ಅಂಗಡಿ, ಎರಡು ಚರ್ಚು ಕಾಕಾನ ಅಂಗೈಯಿಂದ ಅಳಿಸಿಹೋದವು. ಊಟದ ಹೊತ್ತು ಹತ್ತಿರವಾದಾಗ ಅವರು ಗಡಿಯಾರ ನೋಡಿ ಘೋಷಿಸಿದರು: "ಅಕ್ಕಾರ, ಗುಳಗಿ ತಗೊಳ್ರಿ. ಅರ್ಧ ತಾಸಿಗೆ ಎಲಿ ಮುಂದ ಇರ್ತೀರಿ. ಭಾರಿ ಚಲೋ ಜಾಗ ನೋಡಿಟ್ಟೇನಿ."

ಜಾಗ ನಿಜಕ್ಕೂ ಚೆನ್ನಾಗಿತ್ತು. ಊರ ಅಂಚಿನ ಗುಡ್ಡ, ದಟ್ಟ ನೆರಳು, ತಣ್ಣನೆ ಗಾಳಿ. ನಾನು, ನನ್ನ ಹೆಂಡತಿ ವ್ಯಾನಿನಿಂದ ಡಬ್ಬಿಗಳನ್ನು ಹೊತ್ತು ತರುವಷ್ಟರಲ್ಲಿ ಕಾಕಾ ಜಮಖಾನ ಹಾಸಿ ಅಮ್ಮನನ್ನು ಕೂರಿಸಿದ್ದರು. ಹುಲ್ಲಿನಲ್ಲಿ ಅಲ್ಲಲ್ಲಿ ಚಪ್ಪಟೆ ಕಲ್ಲುಗಳು, ಮೇಲೆ ಹೆಸರು, ಇಸವಿ. ಅಮ್ಮ ಕನ್ನಡಕ ಏರಿಸಿ ನೋಡುತ್ತಿದ್ದಳು.

"ನಮ್ಮ ದೇವಸ್ಥಾನದ ಮೆಟ್ಟಿಲ ಹಾಗೇ ಕಣೋ," ಅಂದಳು ನನಗೆ. "ಎಷ್ಟೊಂದು ಜನ ದುಡ್ಡು ಕೊಟ್ಟಿದಾರೆ ಈ ಪಾರ್ಕಿಗೆ!"

ನಾನು ಬಾಯಿ ತೆರೆಯುವ ಮುಂಚೆ ಕಾಕು ತಟ್ಟೆಗೆ ರೊಟ್ಟಿ, ಎಣ್ಣೆಗಾಯಿ ಹಾಕಿ ಅಮ್ಮನ ಕೈಗೆ ಕೊಟ್ಟರು. ಅಮ್ಮ ರೊಟ್ಟಿಯ ಚೂರು ಮುರಿದಳು. ಅಷ್ಟರಲ್ಲಿ ಕಾಕಾ, ಹತ್ತಿರದ ಒಂದು ಕಲ್ಲಿನ ಮುಂದೆ ನಿಂತು, ಅಭ್ಯಾಸಬಲದಿಂದ ಗಟ್ಟಿಯಾಗಿ ಓದಿ ಕನ್ನಡಕ್ಕೆ ತಂದರು: "ಈ ಹಿರಿಯರು ಗಣಿ ಒಳಗ ಬೆಂಕಿ ಬಿದ್ದು ತೀರ್ಕೊಂಡಾರ್ರೀ ಅಕ್ಕಾರ. ಮಗ್ಗಲಿಗೆ ಹೇಂತಿ."

ಅಮ್ಮನ ಕೈ ಬಾಯಿಯ ಹತ್ತಿರ ನಿಂತಿತು. "ಏನಂದ್ರಿ? ಮಗ್ಗುಲಿಗೆ ಏನು?"

"ಹೇಂತೀನ್ನ ಹೂಳ್ಯಾರ."

ಅಮ್ಮ ಚೂರನ್ನು ತಟ್ಟೆಗೆ ಇಟ್ಟಳು. ತಟ್ಟೆಯನ್ನು ಕೆಳಗಿಟ್ಟಳು. ಸೀರೆ ಸಾವರಿಸಿಕೊಂಡು ಎದ್ದು ನಿಂತಳು. "ಸ್ಮಶಾನದಲ್ಲಿ ಊಟಕ್ಕೆ ಕೂರಿಸಿದೀರಾ?"

ಕಾಕಾನ ಮುಖದಲ್ಲಿ ಕಂಡದ್ದು ಬರೀ ಆಶ್ಚರ್ಯ. ಅವರ ಮನೆತನದವರು ಸತ್ತವರನ್ನು ತಮ್ಮ ಹೊಲದಲ್ಲೇ ಹೂಳುವವರು. "ನಮ್ಮಲ್ಲಿ ಅಜ್ಜನ ಗದ್ದಿಗಿ ಮುಂದ ಕುಂತು ಬುತ್ತಿ ಬಿಚ್ಚತೀವ್ರಿ," ಅಂದರು ಮೆಲ್ಲಗೆ. "ಅಜ್ಜಗೂ ಒಂದು ತುತ್ತು ಇಡ್ತೀವಿ. ಹಿರಿಯರ ಜೋಡಿ ಉಂಡಂಗ. ನನಗ ಹೊಳೀಲೇ ಇಲ್ಲ ನೋಡ್ರಿ."

"ನಿಮ್ಮ ಪದ್ಧತಿ ನಿಮಗೆ ಚೆಂದ. ನಾನು ತಲೆ ಮೇಲೆ ನೀರು ಹಾಕ್ಕೊಳ್ಳದೆ ಬಾಯಿಗೆ ಏನೂ ಹಾಕಲ್ಲ. ಇಲ್ಲಿಗೆ ಬಂದ ಊಟವೂ ಬೇಡ."

"ಅಮ್ಮಾ, ಗುಳಿಗೆ ತಗೊಂಡಿದೀಯ," ಅಂದೆ. "ಇಲ್ಲಿರೋರು ನೂರು ವರ್ಷದ ಹಿಂದಿನವರು. ಮಣ್ಣಾಗಿ ಹೋಗಿದಾರೆ."

"ನೂರು ವರ್ಷ ಆದ್ರೆ ಸ್ಮಶಾನ ಪಾರ್ಕ್ ಆಗತ್ತೇನೋ?"

ನಾನು ಜೇಬಿನಿಂದ ಚಾಕೊಲೇಟ್ ತೆಗೆದೆ. ಮುಖ ತಿರುಗಿಸಿದಳು. ಅವಳ ಹಣೆಯಲ್ಲಿ ಬೆವರು ಮೂಡಿತ್ತು. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. ನಾನು ವಿಜ್ಞಾನ ಹೇಳತೊಡಗಿದೆ. ರಕ್ತ, ಸಕ್ಕರೆ, ಮಿದುಳು. ನನ್ನ ಭಾಷಣ ಎರಡನೆಯ ವಾಕ್ಯಕ್ಕೆ ಬರುವಷ್ಟರಲ್ಲಿ ಕಾಕಾ ಜಮಖಾನ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು, ಅಮ್ಮನ ಕೈ ಹಿಡಿದು ಇಳಿಜಾರಿನಲ್ಲಿ ವ್ಯಾನಿನತ್ತ ಅರ್ಧ ದಾರಿ ಹೋಗಿದ್ದರು. ಅವರು ವಾದ ಮಾಡಲೇ ಇಲ್ಲ. ಅವರ ಲೆಕ್ಕದಲ್ಲಿ ಬೆಲ್ಟಿನ ಮೇಲೆ ಪೆಟ್ಟಿಗೆ ನಿಂತಿತ್ತು, ಅದನ್ನು ಮುಂದೆ ಕಳಿಸಬೇಕಿತ್ತು.

ಗುಡ್ಡದ ಬುಡದ ಮೊದಲ ಮನೆಯ ಅಂಗಳದಲ್ಲಿ ರಬ್ಬರ್ ಬೂಟು ಹಾಕಿದ ಎತ್ತರದ ಮುದುಕಿಯೊಬ್ಬರು ಪೈಪು ಹಿಡಿದು ಗಿಡಗಳಿಗೆ ನೀರು ಬಿಡುತ್ತಿದ್ದರು. ಕಾಕಾ ವ್ಯಾನು ನಿಲ್ಲಿಸಿ ಇಳಿದು ಬೇಲಿಯ ಹತ್ತಿರ ಹೋದರು. ಇಂಗ್ಲಿಷಿನಲ್ಲಿ ಏನು ಹೇಳಿದರೋ ನನಗೆ ಕೇಳಿಸಲಿಲ್ಲ. ಅವರೇ ಆಮೇಲೆ ಹೇಳಿಕೊಂಡ ಪ್ರಕಾರ ಇಷ್ಟು: "ತಾಯೀ, ಈ ಅಕ್ಕಾರನ್ನ ನಾನು ತಪ್ಪಿ ನಿಮ್ಮ ಸ್ಮಶಾನದಾಗ ಊಟಕ್ಕ ಕುಂದ್ರಿಸೇನಿ. ಅವರ ತಲಿ ಮ್ಯಾಲೆ ನೀರು ಬೀಳಬೇಕು. ಭಾಳ ಹೊತ್ತಿಲ್ಲ." ಮುದುಕಿ ಅಮ್ಮನನ್ನು ನೋಡಿದರು, ಸೀರೆಯನ್ನು ನೋಡಿದರು, ಕೈಯಲ್ಲಿದ್ದ ಪೈಪನ್ನು ನೋಡಿದರು. ಬೆಟ್ಟದ ನೀರು, ಬಹಳ ತಣ್ಣಗಿದೆ, ಪರವಾಗಿಲ್ಲವೇ ಎಂದು ಮಾತ್ರ ಕೇಳಿದರು. ಅಮ್ಮ ಆಗಲೇ ಸೇಬಿನ ಮರದ ಕೆಳಗೆ ಹೋಗಿ ಕೈಮುಗಿದು ಕಣ್ಣು ಮುಚ್ಚಿ ನಿಂತಿದ್ದಳು. ಮುದುಕಿ ಪೈಪನ್ನು ಎತ್ತಿ ಹಿಡಿದು, ಗುಲಾಬಿ ಗಿಡಕ್ಕೆ ಬಿಟ್ಟಷ್ಟೇ ಜೋಪಾನವಾಗಿ, ಅಮ್ಮನ ನೆತ್ತಿಯ ಮೇಲೆ ನೀರು ಬಿಟ್ಟರು. ಗಂಗೆ ಯಮುನೆ ಎಂದು ಶುರು ಮಾಡಿದ ಅಮ್ಮನ ಬಾಯಿಂದ ಚಳಿಗೆ ಮುಂದಿನ ನದಿ ಹೊರಡಲಿಲ್ಲ.

ನನ್ನ ಹೆಂಡತಿ ಈ ಭಾಗವನ್ನು ಒಪ್ಪುವುದಿಲ್ಲ. ಪೈಪಿನ ನೀರು ಕಾಲಿಗೆ ಮಾತ್ರ, ಸ್ನಾನ ಆದದ್ದು ಒಳಗಿನ ಬಚ್ಚಲಿನಲ್ಲಿ, ಬಾಗಿಲ ಹತ್ತಿರ ತಾನೇ ನಿಂತಿದ್ದೆ ಅನ್ನುತ್ತಾಳೆ. "ಪೈಪಿಂದು ಕಾಕಾ ಸೇರಿಸಿದ್ದು ಕಣ್ರೀ. ಅವರು ಹೇಳೀ ಹೇಳೀ ನಿಮಗೆ ಕಂಡಿದ್ದು ಅನಿಸ್ತಿದೆ." ಇರಬಹುದು. ಕಾಕಾ ಈ ಕಥೆಯನ್ನು ಪ್ರತಿ ಯುಗಾದಿಗೂ ಹೇಳುತ್ತಿದ್ದರು, ಪ್ರತಿ ಸಲವೂ ಪೈಪು ಉದ್ದವಾಗುತ್ತಿತ್ತು. ನಾನು ನೋಡಿದ್ದೆಷ್ಟು, ಅವರಿಂದ ಕೇಳಿದ್ದೆಷ್ಟು ಎಂದು ಈಗ ಬೇರ್ಪಡಿಸಲಾರೆ. ಅಮ್ಮನನ್ನೇ ಫೋನಿನಲ್ಲಿ ಕೇಳಿದೆ. "ನೀರು ತಣ್ಣಗಿತ್ತು, ಅಷ್ಟು ಗೊತ್ತು," ಅಂದಳು.

ಆಮೇಲಿನದರ ಬಗ್ಗೆ ಮನೆಯಲ್ಲಿ ತಕರಾರಿಲ್ಲ. ಮುದುಕಿ ಗಂಡನ ಚೌಕಳಿ ಅಂಗಿಯನ್ನು ತಂದು ಅಮ್ಮನಿಗೆ ಹೊದಿಸಿದರು. ಬ್ರೆಡ್ಡು, ಪ್ಲಮ್ ಹಣ್ಣಿನ ಜಾಮ್, ಒಂದು ಲೋಟ ಹಾಲು ತಂದಿಟ್ಟರು. ಅಮ್ಮ ಜಗಲಿಯ ಕುರ್ಚಿಯಲ್ಲಿ ಕೂತು ಎರಡು ತುಂಡು ತಿಂದಳು. ಕೈ ನಡುಗುವುದು ನಿಂತಿತು. ಕಾಕಾ ಅವಳು ನುಂಗುವವರೆಗೂ ನೋಡಿ, ಆಮೇಲೆ ಆ ಕಡೆ ತಿರುಗಿ ಅಂಗಿಯ ಚುಂಗಿನಿಂದ ಕನ್ನಡಕ ಒರೆಸಿಕೊಂಡರು. ಮುದುಕಿಯ ಅಜ್ಜಿಯೂ ಆ ಗುಡ್ಡದಿಂದ ಬಂದರೆ ಕೈಕಾಲು ತೊಳೆಯದೆ ಹೊಸಿಲು ದಾಟುತ್ತಿರಲಿಲ್ಲವಂತೆ. ಇದು ಆಕೆ ಹೇಳಿದ್ದೋ, ಕನ್ನಡಕ್ಕೆ ತರುವಾಗ ಕಾಕಾ ಸೇರಿಸಿದ್ದೋ ನನಗೆ ಅನುಮಾನವಿದೆ.

ರೊಟ್ಟಿ ಡಬ್ಬಿಯನ್ನು ಮುದುಕಿಗೆ ಕೊಟ್ಟೆವು. ಆಕೆ ಒಂದು ಚೂರು ಎಣ್ಣೆಗಾಯಿ ಹಚ್ಚಿ ತಿಂದು, ಖಾರಕ್ಕೆ ಕಣ್ಣಲ್ಲಿ ನೀರು ತಂದುಕೊಂಡು, ಇನ್ನೊಂದು ಚೂರಿಗೆ ಕೈ ಹಾಕಿದರು. ಕಾಕಾ ಮಾತ್ರ ಏನೂ ತಿನ್ನಲಿಲ್ಲ.

ಪ್ರವಾಸ ನಿಂತಿತೆಂದು ನಾನು ಅಂದುಕೊಂಡಿದ್ದೆ. ಅಮ್ಮನೇ ಎದ್ದು, "ಕೈ ಮೇಲೆ ಇನ್ನೇನೇನು ಉಳಿದಿದೆ?" ಎಂದು ಕೇಳಿದಳು. ಆ ಅಂಗಿಯಲ್ಲೇ ಮ್ಯೂಸಿಯಂ ನೋಡಿದಳು, ಮುಖ್ಯಬೀದಿಯಲ್ಲಿ ಫೋಟೋಗೆ ನಿಂತಳು. ಮ್ಯೂಸಿಯಮ್ಮಿನ ಹೊರಗೆ ಒಂದು ದೊಡ್ಡ ಹಿತ್ತಾಳೆ ಫಲಕವಿತ್ತು. ಕಾಕಾ ಅದರ ಮುಂದೆ ಒಂದು ಗಳಿಗೆ ನಿಂತು, ಓದದೆ ಮುಂದೆ ಹೋದರು. ನಾನು, ಕಾಕು ಮುಖ ಮುಖ ನೋಡಿಕೊಂಡೆವು. ಕಾಕಾ ಒಂದು ಫಲಕವನ್ನು ಬಿಟ್ಟು ಹೋದದ್ದನ್ನು ಅದಕ್ಕೆ ಮೊದಲು ಯಾರೂ ಕಂಡಿರಲಿಲ್ಲ.

ಆ ವರ್ಷದಿಂದ ಅವರು ತಮ್ಮ ಹೆಮ್ಮೆಯ ಮಾತನ್ನು ತಿದ್ದಿಕೊಂಡರು. "ನನ್ನ ವ್ಯಾನ್ ಹತ್ತಿದವ್ರು ಯಾರೂ ಹಸಗೊಂಡು ಇಳದಿಲ್ಲ, ಇವರವ್ವ ಒಬ್ರು ಬಿಟ್ಟು," ಎಂದು ನನ್ನತ್ತ ಬೆರಳು ತೋರಿಸುವರು. ಎಲ್ಲರೂ ನಗುತ್ತಿದ್ದರು, ಅವರೂ ನಗುತ್ತಿದ್ದರು. ಆದರೆ ಫೋನು ಮಾಡಿದಾಗೆಲ್ಲ ಕೊನೆಗೆ ಒಂದು ಪ್ರಶ್ನೆ ಇದ್ದೇ ಇರುತ್ತಿತ್ತು: "ಅಕ್ಕಾರು ಮತ್ತ ಯಾವಾಗ ಬರ್ತಾರ? ನನ್ನ ರೊಟ್ಟಿ ಹಂಗ ಉಳದಾವು." ಅಮ್ಮನಿಗೆ ಹೇಳಿದರೆ, "ಅವರಿಗೆ ಹೇಳು, ಬರ್ತೀನಿ. ಜಾಗ ಮಾತ್ರ ನಾನು ನೋಡ್ತೀನಿ ಅಂತ," ಅನ್ನುತ್ತಿದ್ದಳು. ವೀಸಾ, ಮಂಡಿ, ಮೊಮ್ಮಗನ ಉಪನಯನ ಎಂದು ಒಂದಾದ ಮೇಲೊಂದು ಅಡ್ಡ ಬಂದವು. ಅಷ್ಟರಲ್ಲಿ ಕಾಕಾ ಹೊರಟುಬಿಟ್ಟರು, ಒಂದು ಸೋಮವಾರ, ಆಫೀಸಿನ ಪಾರ್ಕಿಂಗ್ ಜಾಗದಲ್ಲಿ. ತಡ ಅನ್ನುವುದು ಅದರಲ್ಲೂ ಇರಲಿಲ್ಲ.

ಅವರನ್ನು ರೆಂಟನ್ ಕಡೆಯ ಒಂದು ಗುಡ್ಡದ ಮೇಲೆ ಹೂಳಲಾಯಿತು. ಅಲ್ಲಿಂದ ಟಕ್ವಿಲಾದ ಗೋದಾಮುಗಳ ಬಿಳಿ ಚಾವಣಿಗಳು ಕಾಣುತ್ತವೆ. ಅವುಗಳ ಕೆಳಗೆ ಅವರ ಬೆಲ್ಟುಗಳು ಇನ್ನೂ ಓಡುತ್ತಿರಬೇಕು.

ಈ ಬೇಸಿಗೆಯಲ್ಲಿ ಅಮ್ಮ ಬಂದಳು. ಬಂದ ವಾರವೇ ಕಾಕುಗೆ ಫೋನು ಮಾಡಿ ಏನೋ ಮಾತಾಡಿಕೊಂಡಳು. ಶನಿವಾರ ಬೆಳಗ್ಗೆ ನನ್ನನ್ನು ಕರೆದು, "ನಿಮ್ಮ ಕಾಕಾನ ಹತ್ರ ಕರ್ಕೊಂಡು ಹೋಗು," ಅಂದಳು. ದಾರಿಯಲ್ಲಿ ಕಾಕುವನ್ನು ಹತ್ತಿಸಿಕೊಂಡೆವು. ಅವರು ಒಂದು ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತರು. ಹೂವಿರಬೇಕು ಎಂದುಕೊಂಡೆ. ಅಮ್ಮ ನೀರಿನ ಬಾಟಲಿ ಕೇಳಿ ಒಂದು ಗುಟುಕು ಕುಡಿದಳು.

ಗುಡ್ಡದ ಮೇಲೆ ಗಾಳಿ ಚೆನ್ನಾಗಿತ್ತು. ಹುಲ್ಲಿನಲ್ಲಿ ಚಪ್ಪಟೆ ಕಲ್ಲು, ಅದರ ಮೇಲೆ ಅವರ ಹೆಸರು, ಇಸವಿ. ಅಮ್ಮ ಕನ್ನಡಕ ಏರಿಸಿ ನಿಧಾನವಾಗಿ ಓದಿದಳು. "ಈ ಪಾರ್ಕಿಗೂ ದುಡ್ಡು ಕೊಟ್ಟಿದಾರೆ ನೋಡು ಪುಣ್ಯಾತ್ಮರು," ಅಂದಳು. ಕಾಕು ನಕ್ಕರು, ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಅಮ್ಮ ಪಕ್ಕದ ಬೆಂಚಿನಲ್ಲಿ ಕೂತಳು. ಕಾಕು ಚೀಲದಿಂದ ತೆಗೆದದ್ದು ಡಬ್ಬಿ. ಜೋಳದ ರೊಟ್ಟಿಯ ವಾಸನೆ ನನಗೆ ತಕ್ಷಣ ಗೊತ್ತಾಯಿತು. ಒಂದು ತುತ್ತನ್ನು ಕಲ್ಲಿನ ಮೇಲಿಟ್ಟು, ತಟ್ಟೆಯನ್ನು ಅಮ್ಮನ ಕಡೆ ಚಾಚಿದರು.

"ಅಮ್ಮಾ, ಇಲ್ಲೇನಾ?" ಅಂದೆ. "ಸ್ನಾನ?"

"ಸ್ನಾನ ಮನೆಗೆ ಹೋಗಿ ಮಾಡ್ತೀನಿ. ಅದನ್ನೇನೂ ಬಿಟ್ಟಿಲ್ಲ ನಾನು."

"ಹಾಗಿದ್ರೆ ಮೊದಲು ಸ್ನಾನ, ಆಮೇಲೆ ಊಟ ಆಗ್ಬೇಕಲ್ವಾ? ನೀನೇ ಅವತ್ತು..."

"ಸುಮ್ನೆ ಕೂತ್ಕೊಳ್ಳೋ," ಎಂದು ಅಮ್ಮ ರೊಟ್ಟಿ ಮುರಿದಳು. "ಕಾರಿನಲ್ಲೇ ಗುಳಿಗೆ ತಗೊಂಡಿದೀನಿ. ಇನ್ನೂ ತಡ ಮಾಡಿದ್ರೆ ನಿಮ್ಮ ಕಾಕಾಗೆ ಮತ್ತೆ ಗಾಬರಿಯಾಗತ್ತೆ."